ರಫ್ತಿಗೆ ಮಾತ್ರ

1950ರ ಬೇಸಿಗೆಯ ಒಂದು ಭಾನುವಾರ ಅಮೆರಿಕದ ಜಾರ್ಜಿಯಾ ರಾಜ್ಯದ ರೆಹೋಬೋತ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾರೀ ಅನಾಹುತ ನಡೆದುಹೋಯಿತು. ಇಂಡಿಯಾದ ವಿದ್ಯಾರ್ಥಿಯೊಬ್ಬ ಬಂದು ಬೆಂಚಿನ ಮೇಲೆ ಕೂತ.

ಅಷ್ಟೇ. ಹುಡುಗ ಕೂಗಾಡಲಿಲ್ಲ, ಪ್ರಸಂಗದ ನಡುವೆ ಎದ್ದು ಪ್ರಶ್ನೆ ಕೇಳಲಿಲ್ಲ, ಕಾಣಿಕೆ ತಟ್ಟೆಗೆ ಕೈ ಹಾಕಲಿಲ್ಲ. ಫ್ಲಾರಿಡಾದಲ್ಲಿ ಕೃಷಿ ಓದುತ್ತಿದ್ದ ಹಿಂದೂ ಹುಡುಗ. ಇಲ್ಲಿಯವರು ದೇವರ ಆರಾಧನೆ ಹೇಗೆ ಮಾಡುತ್ತಾರೆ ಅಂತ ನೋಡುವ ಆಸೆಯಿಂದ ಬಂದಿದ್ದ. ನೋಡಿದ. ಅವರು ಮಾತ್ರ ದೇವರನ್ನು ನೋಡುವುದು ಬಿಟ್ಟು ಇವನನ್ನೇ ನೋಡಿದರು. ಮೈಬಣ್ಣ ಕಪ್ಪು. ಇಂಡಿಯಾದ ಕಪ್ಪು ಬೇರೆ, ಜಾರ್ಜಿಯಾದ ಕಪ್ಪು ಬೇರೆ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಬಿಡಿಸಿ ನೋಡುವ ವ್ಯವಧಾನ ಯಾರಿಗಿದೆ?

ಈ ಅನಾಹುತದ ಸೊಗಸು ತಿಳಿಯಬೇಕಾದರೆ ಬ್ಯಾಪ್ಟಿಸ್ಟರಿಗೂ ಇಂಡಿಯಾಕ್ಕೂ ಇದ್ದ ನಂಟು ತಿಳಿದಿರಬೇಕು. 1793ರಲ್ಲಿ ಬಂಗಾಳಕ್ಕೆ ಬಂದಿಳಿದ ವಿಲಿಯಂ ಕೇರಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಪಾಸ್ಟರ್. ಅದಕ್ಕೂ ಮೊದಲು ಚಪ್ಪಲಿ ಹೊಲಿಯುತ್ತಿದ್ದವರು. ಶ್ರೀರಾಮಪುರದಲ್ಲಿ ಅಚ್ಚುಕೂಟ ಹಾಕಿಕೊಂಡು ಹತ್ತಾರು ಭಾಷೆಗಳಿಗೆ ಕೈ ಹಚ್ಚಿದ ಈ ಮನುಷ್ಯ 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣ ಬರೆದು ಛಾಪಿಸಿದರು. ಬಂಗಾಳದಲ್ಲಿ ಕೂತು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಪ್ರೀತಿಸುವುದಕ್ಕೆ ಎಂಥ ಕರುಣೆ ಬೇಕು, ಯೋಚಿಸಿ. ಕನ್ನಡದಲ್ಲಿ ಕೂತವರಿಗೇ ಅದು ಬಂದಿಲ್ಲ.

ಕೇರಿ ಇಂಗ್ಲೆಂಡಿನವರಾಯಿತು. ಅಮೆರಿಕದ ಕತೆ ಇನ್ನೂ ಚೆನ್ನಾಗಿದೆ. 1812ರಲ್ಲಿ ಅಡೊನಿರಾಮ್ ಜಡ್ಸನ್ ಎಂಬ ತರುಣ ಮಿಷನರಿ ಹಡಗು ಹತ್ತಿದಾಗ ಬ್ಯಾಪ್ಟಿಸ್ಟನೇ ಅಲ್ಲ, ಬೇರೆ ಪಂಗಡದವನು. ಕಲ್ಕತ್ತೆಯಲ್ಲಿ ಬ್ಯಾಪ್ಟಿಸ್ಟರ ಜೊತೆ ವಾದ ಮಾಡಬೇಕಲ್ಲ ಅಂತ ಹಡಗಿನಲ್ಲೇ ಗ್ರೀಕ್ ಬೈಬಲ್ ಬಿಚ್ಚಿಕೊಂಡು ಕೂತ. ದಡ ಸೇರುವಷ್ಟರಲ್ಲಿ ತನ್ನ ವಾದವೇ ಮುಳುಗಿಹೋಗಿತ್ತು. ಕಲ್ಕತ್ತೆಯಲ್ಲಿ ನೀರಿಗಿಳಿದು ದೀಕ್ಷಾಸ್ನಾನ ಮಾಡಿಸಿಕೊಂಡು ಬ್ಯಾಪ್ಟಿಸ್ಟನಾದ. ಕಳಿಸಿಕೊಟ್ಟ ಪಂಗಡದ ಹಣ ಇನ್ನು ಮುಟ್ಟುವಂತಿಲ್ಲ. ಇವನ ಖರ್ಚಿಗೊಂದು ದಾರಿ ಆಗಲಿ ಅಂತಲೇ ಅಮೆರಿಕದ ಬ್ಯಾಪ್ಟಿಸ್ಟರು 1814ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಮೊತ್ತಮೊದಲ ರಾಷ್ಟ್ರೀಯ ಸಂಘ ಕಟ್ಟಿದರು. ಅಂದರೆ ಅವರನ್ನು ಒಂದುಗೂಡಿಸಿದ್ದೇ ಇಂಡಿಯಾದ ನೀರು. ಹುಡುಗನ ಜೇಬಿನಲ್ಲಿ ಈ ಚರಿತ್ರೆಯ ಒಂದು ಚೀಟಿ ಇದ್ದಿದ್ದರೆ ಚರ್ಚಿನಿಂದ ಬಾಡಿಗೆಯನ್ನೇ ಕೇಳಬಹುದಿತ್ತು.

ಆ ಒಗ್ಗಟ್ಟು ಮೂವತ್ತೊಂದು ವರ್ಷ ಬಾಳಿತು. 1845ರಲ್ಲಿ ಇದೇ ಜಾರ್ಜಿಯಾದ ಅಗಸ್ಟಾದಲ್ಲಿ ದಕ್ಷಿಣದವರು ಸಿಡಿದು ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕಟ್ಟಿಕೊಂಡರು. ಜಗಳ ದೇವರ ಬಗ್ಗೆ ಅಲ್ಲ. ಗುಲಾಮರನ್ನು ಇಟ್ಟುಕೊಂಡವನು ಮಿಷನರಿಯಾಗಿ ಹೋಗಬಹುದೇ, ಬಾರದೇ? ಆಗದು ಎಂದಿತು ಉತ್ತರ. ಯಾಕಾಗದು ಎಂದಿತು ದಕ್ಷಿಣ. ಮನೆಯಲ್ಲಿ ಒಬ್ಬನನ್ನು ಸರಪಳಿಯಲ್ಲಿಟ್ಟು ಊರಾಚೆ ಇನ್ನೊಬ್ಬನಿಗೆ ವಿಮೋಚನೆ ಸಾರುವುದರಲ್ಲಿ ಅವರಿಗೆ ಯಾವ ತೊಡಕೂ ಕಾಣಲಿಲ್ಲ. ಕರುಣೆ ಹಡಗು ಹತ್ತುವ ಸರಕು, ಮನೆಬಳಕೆಗಲ್ಲ ಎಂಬ ವ್ಯಾಪಾರಸೂತ್ರ ಅಲ್ಲಿಂದ ಶುರು. ರಫ್ತಿಗೆಂದು ತೆಗೆದಿಟ್ಟ ಸರಕನ್ನು ಊರವರು ಮುಟ್ಟಬಾರದು. ನಮ್ಮ ಮಾವಿನಹಣ್ಣಿನ ಕತೆಯೂ ಅದೇ ತಾನೆ.

ಸರಿ, ಹುಡುಗನನ್ನು ಕರೆತಂದವರು ಯಾರು? ಊರಿಗೆ ಮೊದಲೇ ತಲೆನೋವಾಗಿದ್ದ ಕ್ಲಾರೆನ್ಸ್ ಜಾರ್ಡನ್ ಅವರ ತೋಟದವರು. ಜಾರ್ಡನ್ 1912ರಲ್ಲಿ ಇದೇ ಜಾರ್ಜಿಯಾದಲ್ಲಿ ಹುಟ್ಟಿದ ಬಿಳಿಯ ಬ್ಯಾಪ್ಟಿಸ್ಟ್. ಮೊದಲು ಕೃಷಿ ಪದವಿ. ಆಮೇಲೆ ಲೂಯಿವಿಲ್‌ನ ಬ್ಯಾಪ್ಟಿಸ್ಟ್ ಸೆಮಿನರಿಯಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಓದಿ ಡಾಕ್ಟರೇಟ್. ದೊಡ್ಡ ಊರಿನ ಚರ್ಚು ಹಿಡಿದು ಸೂಟು ಹಾಕಿಕೊಂಡು ಸುಖವಾಗಿರಬಹುದಿತ್ತು. ಅದು ಬಿಟ್ಟು 1942ರಲ್ಲಿ, ಹೆಂಡತಿ ಫ್ಲಾರೆನ್ಸ್ ಮತ್ತು ಬರ್ಮಾದಲ್ಲಿ ಮಿಷನರಿಗಳಾಗಿದ್ದ ಇಂಗ್ಲೆಂಡ್ ಎಂಬ ಮನೆತನದ ದಂಪತಿಯ ಜೊತೆ ಸೇರಿ ಅಮೆರಿಕಸ್ ಪಟ್ಟಣದ ಹತ್ತಿರ 440 ಎಕರೆ ಬಡಕಲು ಭೂಮಿ ಕೊಂಡು ‘ಕೊಯ್ನೊನಿಯಾ’ ಎಂಬ ತೋಟ ಮಾಡಿದರು. ಅಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಉಳುತ್ತಿದ್ದರು. ಅದನ್ನು ಊರು ಸಹಿಸಿಕೊಂಡೀತು. ಉಳುವಾಗ ಕರಿಯರು ಪಕ್ಕದಲ್ಲಿರುವುದು ದಕ್ಷಿಣದಲ್ಲಿ ಹಳೆಯ ಸಂಪ್ರದಾಯವೇ. ಆದರೆ ಮಧ್ಯಾಹ್ನ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು! ಬಿತ್ತುವಾಗ ಇಲ್ಲದ ಮೈಲಿಗೆ ಬಡಿಸುವಾಗ ಎಲ್ಲಿಂದ ಬರುತ್ತದೆ ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಹೇಳಿಬಿಡುತ್ತೇನೆ, ಇಲ್ಲವಾದರೆ ಕೆಲವರು ಮೀಸೆ ತಿರುವಿಯಾರು. ಅಸ್ಪೃಶ್ಯತೆ ರದ್ದಾಯಿತು ಎಂಬ 17ನೇ ವಿಧಿಯನ್ನು ಹೊತ್ತ ನಮ್ಮ ಸಂವಿಧಾನ ಜಾರಿಗೆ ಬಂದದ್ದು ಅದೇ 1950ರ ಜನವರಿ 26ಕ್ಕೆ. ಬಾಗಿಲಾಚೆ ನಿಲ್ಲಿಸುವ ವಿದ್ಯೆಯಲ್ಲಿ ಜಾರ್ಜಿಯಾದವರು ನಮ್ಮಲ್ಲಿ ಶಿಷ್ಯವೃತ್ತಿ ಮಾಡಬಹುದಾಗಿತ್ತು. ನಮ್ಮ ದೇಶದ ಕ್ರೈಸ್ತರೇನೂ ಹಿಂದೆ ಬಿದ್ದಿಲ್ಲ: ತಿರುಚಿನಾಪಳ್ಳಿಯಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರೆಮಾಡಲು ಸ್ಮಶಾನದೊಳಗೇ ಗೋಡೆ ಎಬ್ಬಿಸಿದರು. ಸತ್ತವರೂ ಸಹಪಂಕ್ತಿಗೆ ಕೂತುಬಿಡಬಾರದಲ್ಲ.

ಈಗ ರೆಹೋಬೋತಿಗೆ. ಬ್ಯಾಪ್ಟಿಸ್ಟರಲ್ಲಿ ಪೋಪ್ ಇಲ್ಲ, ಬಿಷಪ್ ಇಲ್ಲ. ಪ್ರತಿ ಸಭೆಯೂ ಸ್ವತಂತ್ರ. ಸದಸ್ಯರು ಕೈಯೆತ್ತಿ, ಎದ್ದುನಿಂತು ತೀರ್ಮಾನಿಸಿದ್ದೇ ತೀರ್ಮಾನ. ರಾಜನಿಗೂ ಆತ್ಮಸಾಕ್ಷಿಯ ಮೇಲೆ ಅಧಿಕಾರವಿಲ್ಲ ಎಂದು ಬರೆದು ಥಾಮಸ್ ಹೆಲ್ವಿಸ್ ಎಂಬ ಹಿಂದಿನ ಬ್ಯಾಪ್ಟಿಸ್ಟ್ ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಪ್ರಾಣಬಿಟ್ಟದ್ದು ಈ ಸ್ವಾತಂತ್ರ್ಯಕ್ಕಾಗಿಯೇ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಆ ಸ್ವಾತಂತ್ರ್ಯವನ್ನು ಒಬ್ಬ ವಿದ್ಯಾರ್ಥಿ ಕೂತ ಬೆಂಚಿನ ವಿಚಾರಕ್ಕೆ ಬಳಸಿಕೊಂಡರು. ತೋಟದವರು ಬೇರೆ ಜನಾಂಗದವರನ್ನು ಸಭೆಗೆ ಕರೆತಂದು ಐಕ್ಯಕ್ಕೆ ಭಂಗ ತಂದಿದ್ದಾರೆ, ಆದ್ದರಿಂದ ಸಭೆಯಿಂದ ತೆಗೆಯಬೇಕು ಎಂದು ಸಭೆಯ ಆಡಳಿತ ನೋಡಿಕೊಳ್ಳುವ ಡೀಕನ್‌ಗಳು ನಿರ್ಣಯ ಸಿದ್ಧಪಡಿಸಿದರು.

ಅದಕ್ಕೂ ಮೊದಲು ಒಂದು ಮಾತುಕತೆ ಆಯಿತಂತೆ. ಜಾರ್ಡನ್ ತಮ್ಮ ಬೈಬಲನ್ನು ಹಿರಿಯರೊಬ್ಬರ ಕೈಗಿಟ್ಟು, ನಾವು ಮಾಡಿದ್ದು ತಪ್ಪು ಅಂತ ಇದರಲ್ಲಿ ಎಲ್ಲಿದೆ, ತೋರಿಸಿ ಎಂದರು. ಅವರು ಪಕ್ಕದವರಿಗೆ ದಾಟಿಸಿದರು. ಪಕ್ಕದವರು ಅವರ ಪಕ್ಕದವರಿಗೆ. ಪುಸ್ತಕ ಒಂದು ಸುತ್ತು ತಿರುಗಿತು, ಒಬ್ಬರೂ ಬಿಚ್ಚಲಿಲ್ಲ. ಕೊನೆಗೊಬ್ಬರು ಈ ಬೈಬಲ್ ಗೀಬಲ್ ಎಲ್ಲಾ ನಮಗೆ ಹೇಳಬೇಡಿ ಎಂದು ರೇಗಿದರು. ನಾನೆಲ್ಲಿ ಹೇಳಿದೆ, ನಿಮ್ಮಿಂದ ಕೇಳುತ್ತಿದ್ದೇನೆ ಎಂದರು ಜಾರ್ಡನ್. ಬೈಬಲಿನ ಅಕ್ಷರ ಅಕ್ಷರವೂ ದೇವರ ಮಾತು ಎಂದು ನಂಬುವವರ ದೊಡ್ಡ ಅನುಕೂಲ ಇದು: ಎಲ್ಲವೂ ಸತ್ಯ ಎಂದು ಮೊದಲೇ ಒಪ್ಪಿಕೊಂಡಿರುವುದರಿಂದ ಬಿಚ್ಚಿ ನೋಡುವ ಅಗತ್ಯ ಬೀಳುವುದಿಲ್ಲ.

ನಿರ್ಣಯ ಓದಿದ ದಿನ ಇನ್ನೂ ಮಜ. ಓದಿ ಮುಗಿಸಿದ ಮೇಲೆ ಯಾರಾದರೂ ಎದ್ದು ಅದನ್ನು ಅಂಗೀಕರಿಸಬೇಕೆಂದು ಸೂಚಿಸಬೇಕಲ್ಲ, ಪದ್ಧತಿ ಹಾಗೆ. ಎಲ್ಲರೂ ಶೂ ನೋಡಿಕೊಂಡು ಕೂತಿದ್ದಾರೆ. ಆಗ ಎದ್ದು ನಿಂತವರು ಫ್ಲಾರೆನ್ಸ್ ಜಾರ್ಡನ್. ಡೀಕನ್‌ಗಳ ನಿರ್ಣಯವನ್ನು ಓದಿದಂತೆಯೇ ಅಂಗೀಕರಿಸಬೇಕೆಂದು ಸೂಚಿಸುತ್ತೇನೆ ಎಂದರು! ತಮ್ಮನ್ನೇ ಹೊರಹಾಕುವ ನಿರ್ಣಯ. ಸಭೆ ಕಕ್ಕಾಬಿಕ್ಕಿ. ಪರವಾಗಿ ಮತ ಹಾಕಿದರೆ ಈಯಮ್ಮನ ಸೂಚನೆಗೆ ಜೈ ಎಂದಂತೆ. ಹಾಕದಿದ್ದರೆ ಇವರು ಇಲ್ಲೇ ಉಳಿಯುತ್ತಾರೆ. ಶತ್ರುವನ್ನು ಪ್ರೀತಿಸು ಎಂಬ ಮಾತಿಗೆ ಸಭಾನಡಾವಳಿಯ ಈ ಅರ್ಥ ಯಾವ ಪಂಡಿತರಿಗೂ ಹೊಳೆದಿರಲಿಲ್ಲ. ಕೊನೆಗೆ ನಿರ್ಣಯ ಪಾಸಾಯಿತು. ದೇವರು ಆ ದಿನ ಮತ ಹಾಕಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಹೆಸರಿರಲಿಲ್ಲವೇನೋ.

ಚರ್ಚಿನಿಂದ ಹೊರಹಾಕಿದ ಮೇಲಾದರೂ ಊರು ತಣ್ಣಗಾಯಿತೇ? 1956ರಿಂದ ಬಹಿಷ್ಕಾರ. ಬೀಜದಂಗಡಿಯವನು ಬೀಜ ಕೊಡಲಿಲ್ಲ, ಗೊಬ್ಬರದವನು ಗೊಬ್ಬರ ಕೊಡಲಿಲ್ಲ, ಪೆಟ್ರೋಲು ಸಿಗಲಿಲ್ಲ, ವಿಮೆ ರದ್ದಾಯಿತು. ರಸ್ತೆಬದಿಯಲ್ಲಿದ್ದ ತೋಟದ ಮಳಿಗೆಗೆ ಡೈನಮೈಟ್ ಇಟ್ಟರು. ರಾತ್ರಿ ಹೊತ್ತು ಕಾರಿನಲ್ಲಿ ಬಂದು ಮನೆಗಳ ಮೇಲೆ ಗುಂಡು ಹಾರಿಸಿ ಹೋಗುತ್ತಿದ್ದರು. ನ್ಯೂಯಾರ್ಕಿನಿಂದ ನೋಡಲು ಬಂದ ಕ್ಯಾಥೊಲಿಕ್ ಕಾರ್ಯಕರ್ತೆ ಡೊರೊಥಿ ಡೇ 1957ರಲ್ಲಿ ಒಂದು ರಾತ್ರಿ ಕಾವಲಿಗೆ ಕೂತಾಗ ಅವರ ಕಡೆಗೂ ಗುಂಡು ಬಂತು. ಪಂಗಡಭೇದ ಮಾಡಿದರು ಎಂದು ಯಾರೂ ದೂರುವಂತಿಲ್ಲ. ಸ್ಥಳೀಯ ಗ್ರ್ಯಾಂಡ್ ಜ್ಯೂರಿ ವಿಚಾರಣೆಗೆ ಕೂತು, ಗುಂಡು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರ ಮೇಲೇ ಸಂಶಯಪಟ್ಟಿತು. ಇವರು ಕಮ್ಯುನಿಸ್ಟರಿರಬೇಕು ಎಂಬ ತರ್ಕ. ಯಾಕೆ? ಹೊಲ ಹಂಚಿಕೊಳ್ಳುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಮೊದಲ ಕ್ರೈಸ್ತರು ಇದ್ದದ್ದನ್ನೆಲ್ಲ ಹಂಚಿಕೊಂಡು ಬಾಳಿದರೆಂದು ಹೇಳುವ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಆ ಜ್ಯೂರಿಯ ಮುಂದೆ ಹಾಜರುಪಡಿಸಿದ್ದರೆ ಪೇತ್ರನಿಗೂ ಸಮನ್ಸ್ ಹೋಗುತ್ತಿತ್ತು.

ಊರಲ್ಲಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಅಂಚೆ ಇಲಾಖೆ ಮಾತ್ರ ಕೇಂದ್ರ ಸರ್ಕಾರದ್ದು, ಅದಕ್ಕೆ ಬಹಿಷ್ಕಾರ ಹಾಕಲು ಊರವರಿಗೆ ಬರಲಿಲ್ಲ. ತೋಟದವರು ಪೆಕಾನ್ ಕಾಯಿಯನ್ನು ಡಬ್ಬಿಗೆ ತುಂಬಿ ದೇಶದ ಉದ್ದಗಲಕ್ಕೂ ಅಂಚೆಯಲ್ಲಿ ಕಳಿಸತೊಡಗಿದರು. ಜಾರ್ಜಿಯಾದ ‘ನಟ್’ಗಳನ್ನು ಊರಿಂದಾಚೆ ಸಾಗಹಾಕಲು ನೆರವಾಗಿ ಎಂಬರ್ಥದ ಜಾಹೀರಾತು ಜಾರ್ಡನ್ನರದೇ. ಚರ್ಚು ಕರುಣೆಯನ್ನು ಹೊರಗೆ ಕಳಿಸುತ್ತಿತ್ತು, ತೋಟ ಕಾಯಿ ಕಳಿಸಿತು. ಡಬ್ಬಿಯಲ್ಲಿ ಏನಿದೆ ಎಂದು ಖಚಿತವಾಗಿ ತಿಳಿಯುತ್ತಿದ್ದದ್ದು ಎರಡನೆಯದರಲ್ಲಿ.

ಜಾರ್ಡನ್ನರ ನಾಲಗೆಗೆ ಆ ಕಾಲದ ಪಾಸ್ಟರುಗಳೆಲ್ಲ ಹೆದರುತ್ತಿದ್ದರು ಎನ್ನಬೇಕು. ಒಬ್ಬ ಪಾಸ್ಟರು ತಮ್ಮ ಭವ್ಯ ಚರ್ಚನ್ನು ಸುತ್ತಾಡಿಸಿ ತೋರಿಸುತ್ತ, ಮೇಲಿನ ಆ ಶಿಲುಬೆಯೊಂದಕ್ಕೇ ಹತ್ತು ಸಾವಿರ ಡಾಲರ್ ಬಿತ್ತು ನೋಡಿ ಎಂದರಂತೆ. ಜಾರ್ಡನ್ ತಲೆಯೆತ್ತಿ ನೋಡಿ, ಅಯ್ಯೋ ನಿಮಗೆ ಮೋಸ ಮಾಡಿದ್ದಾರೆ, ಒಂದು ಕಾಲದಲ್ಲಿ ಕ್ರೈಸ್ತರಿಗೆ ಅದು ಪುಕ್ಕಟೆ ಸಿಗುತ್ತಿತ್ತು ಎಂದರಂತೆ. ಈ ಕತೆ ಹಲವು ರೂಪಗಳಲ್ಲಿ ತಿರುಗುತ್ತದೆ. ತಿರುಗಲಿ, ಇಂಥವು ಒಂದೇ ಊರಿನ ಸೊತ್ತಾಗಿ ಉಳಿಯಬಾರದು.

ಅವರ ತಮ್ಮ ರಾಬರ್ಟ್ ವಕೀಲ, ರಾಜಕೀಯದ ಆಸೆಯುಳ್ಳವರು, ಮುಂದೆ ಜಾರ್ಜಿಯಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು. ತೋಟದ ಪರ ವಾದಿಸಪ್ಪಾ ಎಂದು ಅಣ್ಣ ಕೇಳಿದರು. ಆಗಲ್ಲಣ್ಣ, ನನಗೆ ಹೆಸರಿದೆ, ಮನೆಯಿದೆ, ಎಲ್ಲಾ ಹೋಗಿಬಿಡುತ್ತೆ ಎಂದರು ತಮ್ಮ. ನಮಗೂ ಹೋಗುತ್ತಲ್ಲೋ ಎಂದರು ಅಣ್ಣ. ನಿನ್ನ ಕತೆ ಬೇರೆ ಎಂದಾಗ ಅಣ್ಣ ನೆನಪಿಸಿದರು: ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಭಾನುವಾರ ಸಭೆ ಸೇರಿದ್ದು, ಪಾಸ್ಟರು ಇಬ್ಬರಿಗೂ ಕೇಳಿದ್ದು ಒಂದೇ ಪ್ರಶ್ನೆ, ಯೇಸುವನ್ನು ಹಿಂಬಾಲಿಸುತ್ತೀಯಾ ಅಂತ. ಹಿಂಬಾಲಿಸುತ್ತೇನೆ, ಒಂದು ಹಂತದ ತನಕ, ಎಂದರು ತಮ್ಮ. ಆ ಹಂತ ಶಿಲುಬೆಯೋ? ಹೌದು, ಶಿಲುಬೆಯ ತನಕ ಬರುತ್ತೇನೆ, ಮೇಲೆ ಹತ್ತುವುದಿಲ್ಲ. ಹಾಗಾದರೆ ನೀನು ಶಿಷ್ಯನಲ್ಲ, ಅಭಿಮಾನಿ. ಹೋಗಿ ಸಭೆಯಲ್ಲಿ ಹಾಗೆಂದು ಹೇಳಿಬಿಡು ಎಂದರು ಅಣ್ಣ. ನನ್ನಂಥವರೆಲ್ಲ ಹಾಗೆ ಹೇಳಿಬಿಟ್ಟರೆ ಸಭೆಯೇ ಉಳಿಯುವುದಿಲ್ಲವಲ್ಲಣ್ಣ ಎಂದರಂತೆ ವಕೀಲರು. ನನಗೇನೋ ಈ ತಮ್ಮನ ಮೇಲೆ ಗೌರವ. ಭೂಮಿಯ ಮೇಲಿನ ಬಹುಪಾಲು ಭಕ್ತರ ಪರವಾಗಿ ಇಷ್ಟು ಪ್ರಾಮಾಣಿಕವಾಗಿ ವಕಾಲತ್ತು ವಹಿಸಿದವರು ಇನ್ನೊಬ್ಬರಿಲ್ಲ. ನಮ್ಮಲ್ಲಿ ಬಸವಣ್ಣನವರ ಭಾವಚಿತ್ರಕ್ಕೆ ಹಾರ ಹಾಕಿ, ಮಗಳ ಮದುವೆಗೆ ಒಳಪಂಗಡ ಹುಡುಕುವವರು ಇಂಥ ಒಂದು ಹೇಳಿಕೆ ಕೊಟ್ಟದ್ದುಂಟೆ?

ಜಾರ್ಡನ್ ಆಮೇಲೆ ತೋಟದ ಪುಟ್ಟ ಗುಡಿಸಲಿನಲ್ಲಿ ಕೂತು ಸುವಾರ್ತೆಯನ್ನೇ ಜಾರ್ಜಿಯಾಕ್ಕೆ ಎತ್ತಿಕೊಂಡು ಬಂದರು. ‘ಕಾಟನ್ ಪ್ಯಾಚ್’ ಎಂದು ಹೆಸರಾದ ಆ ಅವತರಣಿಕೆಯಲ್ಲಿ ಜೆರುಸಲೇಮು ಅಟ್ಲಾಂಟಾ ಆಯಿತು, ದಾರಿಯಲ್ಲಿ ಬಿದ್ದ ಗಾಯಾಳುವನ್ನು ಕಾಪಾಡಿದ ಸಮಾರ್ಯದವನು ಕರಿಯನಾದ. ಪುಣ್ಯಕ್ಷೇತ್ರ ಎರಡು ಸಾವಿರ ವರ್ಷ ಆಚೆಗಿದ್ದಾಗ ಎಲ್ಲರೂ ಸಮಾರ್ಯದವನ ಕಡೆಯವರೇ. ಅದು ಹೈವೇ ಪಕ್ಕಕ್ಕೆ ಬಂದಾಗಲೇ ಗೊತ್ತಾಗುವುದು ಗಾಯಾಳುವನ್ನು ನೋಡಿ ಗಾಡಿಯ ವೇಗ ಹೆಚ್ಚಿಸಿದವರು ಯಾರೆಂದು. 1969ರಲ್ಲಿ ಅದೇ ಗುಡಿಸಲಿನಲ್ಲಿ ತೀರಿಕೊಂಡರು. ಮರದ ಪೆಟ್ಟಿಗೆಯೊಂದರಲ್ಲಿ ಇಟ್ಟು ತೋಟದಲ್ಲೇ ಹೂಳಿದರು, ಸಮಾಧಿಕಲ್ಲಿಲ್ಲ. ಬಡವರಿಗೆ ಮನೆ ಕಟ್ಟಿಕೊಡುವ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ 1976ರಲ್ಲಿ ಹುಟ್ಟಿದ್ದು ಈ ತೋಟದ ಗರ್ಭದಿಂದ.

ಅದೇ ಜಿಲ್ಲೆಯ ಪ್ಲೇನ್ಸ್ ಎಂಬ ಊರಿಗೆ ಬನ್ನಿ. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾಗಲಿದ್ದ ಜಿಮ್ಮಿ ಕಾರ್ಟರ್ ಡೀಕನ್. ಕರಿಯರನ್ನು ಆರಾಧನೆಗೆ ಬಿಡಬಾರದು ಎಂಬ ಪ್ರಸ್ತಾವ 1965ರಲ್ಲಿ ಮತಕ್ಕೆ ಬಂದಾಗ ಕಾರ್ಟರ್ ಎದ್ದು ವಿರೋಧಿಸಿದರು. ಅವರ ಕಡೆ ಬಿದ್ದದ್ದು ಆರೇ ಮತ. ಐದು ಅವರ ಮನೆಯವರದೇ. ಆರನೆಯವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ಹೇಳುತ್ತಾರೆ. ಒಂದು ಸಭೆಯ ಆತ್ಮಸಾಕ್ಷಿ ಕಿವುಡುತನದ ಮೇಲೆ ಅವಲಂಬಿಸಿದ್ದು ಚರಿತ್ರೆಯಲ್ಲಿ ಮೊದಲ ಸಲವಿರಲಾರದು, ಆದರೆ ಸರಿಯಾದ ಪಕ್ಷಕ್ಕೆ ಒದಗಿದ್ದು ಅಪರೂಪ.

ಮರುವರ್ಷ ಕಾರ್ಟರರ ತಾಯಿ ಲಿಲಿಯನ್, 68 ವಯಸ್ಸಿನ ವಿಧವೆ, ಪೀಸ್ ಕೋರ್ ಎಂಬ ಸ್ವಯಂಸೇವಕರ ಪಡೆ ಸೇರಿ ಮುಂಬಯಿಯ ವಿಕ್ರೋಲಿಗೆ ನರ್ಸಾಗಿ ಬಂದರು. ಸುಮಾರು ಎರಡು ವರ್ಷ ದುಡಿದರು. ಈಯಮ್ಮನ ಕರುಣೆಯನ್ನು ರಫ್ತು ಮಾಲಿನ ಲೆಕ್ಕಕ್ಕೆ ಹಾಕುವಂತಿಲ್ಲ: ಊರಿನಲ್ಲೂ ಕರಿಯರನ್ನು ಮುಂಬಾಗಿಲಿಂದ ಒಳಗೆ ಕರೆಯುತ್ತಿದ್ದವರು, ಅದಕ್ಕಾಗಿ ಊರವರ ಬಾಯಿಗೆ ಬಿದ್ದವರು. ಎರಡೂ ಕಡೆ ಒಂದೇ ಗುಣಮಟ್ಟ ಎಂದರೆ ವ್ಯಾಪಾರಕ್ಕೆ ಕೆಡುಕು.

ಇನ್ನು ಬೆಂಗಳೂರಿನ ಹೆಬ್ಬಾಳ. ಬಳ್ಳಾರಿ ರಸ್ತೆಯ ಬ್ಯಾಪ್ಟಿಸ್ಟ್ ಆಸ್ಪತ್ರೆ ಗೊತ್ತಲ್ಲ? 1973ರಲ್ಲಿ ಅದನ್ನು ತೆರೆದದ್ದು ಇದೇ ಸದರ್ನ್ ಬ್ಯಾಪ್ಟಿಸ್ಟರ ವಿದೇಶ ಮಿಷನ್ ಮಂಡಳಿ. ಅಲ್ಲಿ ಹುಟ್ಟಿದವರು, ಅಲ್ಲಿ ಹೊಲಿಗೆ ಹಾಕಿಸಿಕೊಂಡವರು ಈ ಅಂಕಣದ ಓದುಗರಲ್ಲೂ ಇದ್ದಾರೆ. ಯಾರ ಮೈಬಣ್ಣ ಏನೆಂದು ಯಾರೂ ಕೇಳಲಿಲ್ಲ. ಮೂರು ವರ್ಷದ ನಂತರ, 1976ರ ಅಕ್ಟೋಬರ್ 31ರ ಭಾನುವಾರ, ಅಧ್ಯಕ್ಷ ಚುನಾವಣೆಗೆ ಎರಡೇ ದಿನ ಇರುವಾಗ ಪ್ಲೇನ್ಸ್ ಚರ್ಚಿಗೆ ಸದಸ್ಯತ್ವ ಕೇಳಿಕೊಂಡು ಒಬ್ಬ ಕರಿಯ ಪಾಸ್ಟರು ಬರುತ್ತಾರೆಂದು ತಿಳಿದು ಡೀಕನ್‌ಗಳು ಆ ದಿನದ ಆರಾಧನೆಯನ್ನೇ ರದ್ದುಮಾಡಿ ಬಾಗಿಲು ಹಾಕಿಸಿದರು. ಪಾಸ್ಟರು ಬಂದದ್ದು ಅದೇ ರಾಜ್ಯದ ಆಲ್ಬನಿಯಿಂದ. ಅವರು ಮಾಡಿದ ತಪ್ಪು ಅದೇ. ಹೆಬ್ಬಾಳದಲ್ಲಿ ಜ್ವರ ಬಂದು ಮಲಗಿದ್ದರೆ ಅದೇ ಪಂಗಡದ ದುಡ್ಡಿನಲ್ಲಿ ಹಾಸಿಗೆ, ಔಷಧಿ, ತಲೆದಿಂಬಿನ ಪಕ್ಕ ಪ್ರಾರ್ಥನೆ ಎಲ್ಲಾ ಸಿಗುತ್ತಿತ್ತು. ಕಾರ್ಟರ್ ಗೆದ್ದರು, ಲೋಕದ ಕ್ಯಾಮೆರಾಗಳೆಲ್ಲ ಊರಿಗೆ ಬಂದವು, ನವೆಂಬರಿನಲ್ಲಿ ಸಭೆ ಮತ ಹಾಕಿ ಬಾಗಿಲು ತೆರೆಯಿತು. ಮುಂದಿನ ವರ್ಷ ಬಾಗಿಲು ತೆರೆಯಬೇಕೆಂದಿದ್ದ ಸ್ವಂತ ಪಾಸ್ಟರನ್ನು ಅದೇ ಬಾಗಿಲಿನಿಂದ ಹೊರಗೆ ಕಳಿಸಿತು.

ಗುಲಾಮಗಿರಿಯ ವಿಚಾರದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕ್ಷಮೆ ಕೇಳಿತು, ಇಲ್ಲವೆನ್ನಬಾರದು. 1995ರಲ್ಲಿ. ಹುಟ್ಟಿ 150 ವರ್ಷಕ್ಕೆ. ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿರಲಿಲ್ಲವಾದ್ದರಿಂದ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು.

2019ರಲ್ಲಿ ಟೆಕ್ಸಾಸಿನ ಎರಡು ಪತ್ರಿಕೆಗಳು ಕೂಡಿ ಇನ್ನೊಂದು ಗಂಟು ಬಿಚ್ಚಿದವು: ಇಪ್ಪತ್ತು ವರ್ಷಗಳಲ್ಲಿ ಇದೇ ಕನ್ವೆನ್ಷನ್ನಿನ ಸುಮಾರು 380 ಪಾಸ್ಟರುಗಳು, ಮುಖಂಡರು, ಸ್ವಯಂಸೇವಕರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ, 700ಕ್ಕೂ ಹೆಚ್ಚು ಮಂದಿ ಸಂತ್ರಸ್ತರು. ವರ್ಷಗಟ್ಟಲೆ ಗೋಳಿಟ್ಟವರಿಗೆ ಕೇಂದ್ರ ಕಚೇರಿಯ ಉತ್ತರ ಏನಿತ್ತು ಗೊತ್ತೆ? ನಮ್ಮಲ್ಲಿ ಪ್ರತಿ ಸಭೆಯೂ ಸ್ವತಂತ್ರ, ನಾವು ಕೈ ಹಾಕುವಂತಿಲ್ಲ. ಹೆಲ್ವಿಸ್ ಜೈಲಿನಲ್ಲಿ ಯಾವುದಕ್ಕಾಗಿ ಸತ್ತರೋ ಆ ಸ್ವಾತಂತ್ರ್ಯವೇ. ಕೈ ಹಾಕಲಾಗದವರ ಕೈಯಲ್ಲೇ ಆರೋಪಿಗಳ ಗುಟ್ಟಿನ ಪಟ್ಟಿಯೊಂದು ಬಹಳ ಕಾಲದಿಂದ ಇತ್ತು ಎಂದು 2022ರ ಸ್ವತಂತ್ರ ತನಿಖೆಯ ವರದಿ ಹೇಳಿತು. ಆದರೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚು ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಟ್ಟಾಗ ಮಾತ್ರ ಸಭೆಗಳ ಸ್ವಾತಂತ್ರ್ಯ ಎಲ್ಲಿ ಹೋಯಿತೋ! ದೀಕ್ಷೆ ಕೊಟ್ಟದ್ದು 2021ರಲ್ಲಿ, ಹೊರಹಾಕಿದ್ದು 2023ರಲ್ಲಿ. ಕ್ಷಮೆಗೆ ನೂರೈವತ್ತು ವರ್ಷ, ಶಿಕ್ಷೆಗೆ ಎರಡೂ ತುಂಬಲಿಲ್ಲ. ಕಾರ್ಟರ್ ಈ ಹೆಂಗಸರ ವಿಚಾರಕ್ಕೇ 2000ದಲ್ಲಿ ಕನ್ವೆನ್ಷನ್ನಿನ ನಂಟು ಕಡಿದುಕೊಂಡಿದ್ದರು. ತೊಂಬತ್ತು ದಾಟಿದ ಮೇಲೂ ಪ್ಲೇನ್ಸಿನ ಮರನಾಥ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದರು. ಪ್ಲೇನ್ಸ್ ಚರ್ಚಿನ ಜಗಳದಲ್ಲಿ ಒಡೆದು ಬಂದವರು ಕಟ್ಟಿದ ಚರ್ಚು ಅದು.

ತನಿಖೆ, ವಕೀಲರು, ದಾವೆಗಳು ಎಂದು ಕನ್ವೆನ್ಷನ್ನಿನ ಕಾರ್ಯಕಾರಿ ಸಮಿತಿಯ ಬೊಕ್ಕಸ ಬರಿದಾಗಿ, 2024ರಲ್ಲಿ ನ್ಯಾಶ್‌ವಿಲ್‌ನ ಕೇಂದ್ರ ಕಚೇರಿಯ ಕಟ್ಟಡವನ್ನೇ ಮಾರಾಟಕ್ಕಿಟ್ಟರು. ಕೊಳ್ಳುವ ಆಸೆಯುಳ್ಳವರು ಶಿಲುಬೆಯ ಬೆಲೆ ಅದರಲ್ಲೇ ಸೇರಿದೆಯೋ, ಬೇರೆ ಕೊಡಬೇಕೋ ಎಂದು ಮೊದಲೇ ಕೇಳಿಕೊಳ್ಳುವುದು ವಾಸಿ.